ಚೆರ್ನೋಬಿಲ್ ವಲಯದಲ್ಲಿ ಸೈನ್ಯ ನಡೆಸುವ ಮ್ಯಾಪ್ ಗೇಮ್: ವಿಕಿರಣದ ನಿಯಮ ಕೊನೆಗೂ ಕೆಲಸ ಮಾಡಿದ್ದು ಹೀಗೆ

ಮ್ಯಾಪ್ ಗೇಮಿನೊಳಗೆ, ಅಂದರೆ ನಕ್ಷೆಯ ಮೇಲೆ ಸೈನ್ಯ ನಡೆಸಿ ಆಡುವ ಯುದ್ಧದಾಟದೊಳಗೆ, ವಿಕಿರಣ ತರೋದು ಆಗದ ಕೆಲಸ ಅಂತ ನಮ್ಮ ಆಟಗಾರರ ಗುಂಪಿನಲ್ಲಿ ಹೆಚ್ಚುಕಮ್ಮಿ ಎಲ್ಲರೂ ಹೇಳಿದ್ದರು. ತಂದರೆ ಎರಡೇ ಗತಿಯಂತೆ: ಒಂದೋ ಆ ಹೆಕ್ಸ್‌ಗೆ (ನಕ್ಷೆಯ ಆರು ಮೂಲೆಯ ಮನೆಗೆ) ಕಾಲಿಟ್ಟ ದಳವೆಲ್ಲ ಸತ್ತುಬೀಳುತ್ತೆ, ಇಲ್ಲವೇ ಆ ನಿಯಮವಿರುವ ಪುಟವನ್ನು ಯಾರೂ ತೆರೆಯೋದೇ ಇಲ್ಲ. ಈಗ 2022ರ ಫೆಬ್ರವರಿ–ಮಾರ್ಚ್ ಸನ್ನಿವೇಶವನ್ನು, ಅಂದರೆ ಬೆಲಾರೂಸ್‌ನಿಂದ 1986ರಲ್ಲಿ ರಿಯಾಕ್ಟರ್ ಸಿಡಿದ ಚೆರ್ನೋಬಿಲ್ ಸ್ಥಾವರದ ಸುತ್ತಲಿನ ನಿಷೇಧಿತ ವಲಯದ ಮೂಲಕ ಕೀವ್ ಕಡೆಗೆ ಇಳಿಯುವ ರಷ್ಯನ್ ಪಡೆಯನ್ನು, ನಾನೇ ಅಂಪೈರ್ ಆಗಿ ಆಡಿಸುತ್ತಿದ್ದೇನೆ. ಹೇಳಿದ ಎರಡೂ ಆಗುತ್ತಿಲ್ಲ. ಇಂಥ ಆಟದಲ್ಲಿ ಎರಡೂ ಕಡೆಯವರು ಬೇರೆ ಬೇರೆ ಮ್ಯಾಪ್ ಮುಂದೆ ಕೂತು ಗುಪ್ತ ಆದೇಶದ ಚೀಟಿ ಕಳಿಸುತ್ತಾರೆ, ಅಂಪೈರ್ ತನ್ನ ಟೇಬಲ್ (ಕೋಷ್ಟಕ) ನೋಡಿ ಏನಾಯಿತೆಂದು ಹೇಳುತ್ತಾನೆ.

ಮೊದಲು ಕೈಕೊಟ್ಟವುಗಳ ಕತೆ. ಮೊದಲ ಆವೃತ್ತಿಯಲ್ಲಿ ಹೆಕ್ಸ್‌ಗಳಿಗೆ ಬಣ್ಣ ಹಚ್ಚಿದ್ದೆ: ಹಳದಿ, ಕಿತ್ತಳೆ, ಕೆಂಪು. ಆಟಗಾರರು ಕೆಂಪು ನೋಡಿದ ಕೂಡಲೇ ಅದನ್ನು ಬಿಟ್ಟು ಸುತ್ತಿಬಳಸಿ ಹೋದರು. ನಿಜದಲ್ಲಿ ಯಾರೂ ಹಾಗೆ ಸುತ್ತಿಬಳಸಿ ಹೋಗಲಿಲ್ಲವಲ್ಲ! ನೆಲಕ್ಕೆ ಬಣ್ಣ ಇರೋದಿಲ್ಲ, ಪೈನ್ ಮರಗಳು ಎಲ್ಲ ಕಡೆಯೂ ಹಸಿರೇ. ಎರಡನೆಯದರಲ್ಲಿ ಬಣ್ಣ ತೆಗೆದು, ಪ್ರತಿ ಟರ್ನ್‌ಗೂ ಡೈಸ್ ಹಾಕಿ ಸಾವುನೋವು ಲೆಕ್ಕ ಹಾಕಿದೆ. ಮೂರನೇ ದಿನಕ್ಕೆ ಒಂದು ಬ್ರಿಗೇಡ್ ಮಾಯ. ಗೆಳೆಯನೊಬ್ಬ ಕೌಂಟರ್‌ಗಳನ್ನು (ದಳಗಳನ್ನು ತೋರಿಸುವ ಬಿಲ್ಲೆಗಳನ್ನು) ಡಬ್ಬಿಗೆ ಸುರಿದು, "ಗುರೂ, ಇದು ದೆವ್ವದ ಸಿನಿಮಾ, ಯುದ್ಧ ಅಲ್ಲ" ಅಂದ. ಅವನ ಮಾತು ಸರಿಯಿತ್ತು. ಆಮೇಲೆ ಇನ್ನೊಂದು ತುದಿಗೆ ಹೋಗಿ, ಒಂದೊಂದು ಕಂಪನಿಗೂ ಗಂಟೆಗಂಟೆಯ ಡೋಸ್, ಅಂದರೆ ಮೈಗೆ ತಗುಲಿದ ವಿಕಿರಣದ ಪ್ರಮಾಣ, ಬರೆಯುವ ಸ್ಪ್ರೆಡ್‌ಶೀಟ್ ಕಟ್ಟಿದೆ. ಲೆಕ್ಕ ಚೆನ್ನಾಗಿತ್ತು, ಆಟ ಸತ್ತಿತ್ತು. ಒಂದು ಟರ್ನ್ ಮುಗಿಯಲು ಅರ್ಧ ಗಂಟೆ ಹಿಡಿದರೆ ಯಾರು ಕೂತಿರುತ್ತಾರೆ?

ಆದರೆ ಆ ಸ್ಪ್ರೆಡ್‌ಶೀಟೇ ಕಣ್ಣು ತೆರೆಸಿದ್ದು. ನೆನಪಿನಿಂದ ಬರೆಯುತ್ತಿದ್ದೇನೆ, ಹೆಚ್ಚುಕಮ್ಮಿ ಇರಬಹುದು. ರೆಡ್ ಫಾರೆಸ್ಟ್, ಅಂದರೆ ಸ್ಥಾವರದ ಪಕ್ಕದ ತೀರಾ ಕಲುಷಿತವಾದ ಕಾಡು, ಅದರ ಹೆಕ್ಸ್‌ಗೆ ನಾನಿಟ್ಟಿದ್ದ ದರ ಗಂಟೆಗೆ 20 ಮೈಕ್ರೋಸೀವರ್ಟ್ (ಡೋಸಿನ ಅಳತೆ; ಸಾವಿರ ಸೇರಿದರೆ ಒಂದು ಮಿಲಿಸೀವರ್ಟ್). ಮೂರು ಕಿಲೋಮೀಟರ್ ರಸ್ತೆಯನ್ನು 20 ಕಿ.ಮೀ. ವೇಗದಲ್ಲಿ ದಾಟಿದರೆ ಒಂಬತ್ತು ನಿಮಿಷ, ಸಿಗೋದು 3 ಮೈಕ್ರೋಸೀವರ್ಟ್. ಏನೂ ಅಲ್ಲ. ಟ್ರಕ್ ಕೆಟ್ಟು ಹತ್ತು ಗಂಟೆ ಅಲ್ಲೇ ರಾತ್ರಿ ಕಳೆದರೆ 200. ಅದೂ ದೊಡ್ಡದಲ್ಲ. ಅಲ್ಲೇ ಅಗೆದು ತಿಂಗಳು ಕೂತರೆ 14 ಮಿಲಿಸೀವರ್ಟ್ ಚಿಲ್ಲರೆ. ಅಣು ಸ್ಥಾವರದ ಕೆಲಸಗಾರನಿಗೆ ವರ್ಷದ ಸರಾಸರಿ ಮಿತಿಯೇ 20. ಅಗೆದ ಜಾಗ 1986ರಲ್ಲಿ ಕಲುಷಿತ ಮರ ಹೂತ ಗುಂಡಿಯ ಮೇಲೇ ಬಿದ್ದು, ದರ ಗಂಟೆಗೆ 100 ಮೈಕ್ರೋಸೀವರ್ಟ್ ಅಂತ ಹಿಡಿದರೆ ತಿಂಗಳಿಗೆ 72 ಮಿಲಿಸೀವರ್ಟ್. ಆ ವರ್ಷ ಶುಚಿ ಕಾರ್ಯಕ್ಕೆ ಬಂದ ಲಿಕ್ವಿಡೇಟರ್‌ಗಳಿಗೆ ಹಾಕಿದ್ದ ಮಿತಿ 250. ವಿಕಿರಣ ಕಾಯಿಲೆ ಕಾಣಿಸಿಕೊಳ್ಳಲು ಅಲ್ಪಾವಧಿಯಲ್ಲಿ ಸುಮಾರು 1000 ಬೇಕು. ಅಂದರೆ ನನ್ನ ಟೇಬಲ್ ಪ್ರಕಾರ ಆ ಕಾಡಿನಲ್ಲಿ ಯಾರೂ ಕೂತಲ್ಲೇ ಸಾಯೋದಿಲ್ಲ. ಓಡಾಟಕ್ಕೆ ದಂಡ ಹಾಕಿದ್ದೇ ಹಿಂದಿನ ಆವೃತ್ತಿಗಳ ರೋಗ. ದಂಡ ಹಾಕಬೇಕಾದದ್ದು ನಿಲ್ಲುವುದಕ್ಕೆ, ಅಗೆಯುವುದಕ್ಕೆ, ತಾನು ನಿಂತ ಜಾಗ ಯಾವುದೆಂದು ಗೊತ್ತಿಲ್ಲದಿರುವುದಕ್ಕೆ.

ಈಗಿನ ನಿಯಮ ಇಷ್ಟೇ. ಚಲಿಸುವ ದಳಕ್ಕೆ ಡೋಸ್ ಲೆಕ್ಕವೇ ಇಲ್ಲ. ನಿಂತ ದಳಕ್ಕೆ ಅಂಪೈರ್ ಗುಟ್ಟಾಗಿ ಒಂದು ಗೀಟು ಎಳೆಯುತ್ತಾನೆ, ಅಗೆದ ದಳಕ್ಕೆ ಮೂರು. ಆಟಗಾರನಿಗೆ ಏನೂ ಹೇಳುವಂತಿಲ್ಲ. ಗೀಟು ಒಂದು ಮಟ್ಟ ದಾಟಿದ ಮೇಲೆ ಸುದ್ದಿಯ ಚೀಟಿ ಹೋಗುತ್ತೆ. ಆ ಚೀಟಿ ಇಳಿಸೋದು ದಳದ ಸಂಖ್ಯೆಯನ್ನಲ್ಲ, ಸ್ಥೈರ್ಯವನ್ನು. ಮಟ್ಟ ಎಷ್ಟು, ಚೀಟಿ ಯಾವ ಕ್ರಮದಲ್ಲಿ ಬರುತ್ತೆ ಅನ್ನೋದು ನನ್ನಲ್ಲೇ ಇರಲಿ. ಆಡಲು ಬರುವವರು ಇದನ್ನೂ ಓದುತ್ತಾರೆ.

ಮೊದಲ ಸಲ ಅದು ಕೆಲಸ ಮಾಡಿದ್ದನ್ನು ಹೇಳಲೇಬೇಕು. ರಷ್ಯನ್ ಕಡೆ ಕೂತವನು ಸಪ್ಲೈ ಲೆಕ್ಕದಲ್ಲಿ ಪಳಗಿದ ಕೈ. ಅವನ ಆದೇಶದ ಚೀಟಿ ಬಂತು: "ಸ್ಥಾವರದ ಪಶ್ಚಿಮಕ್ಕೆ ಕಾಡಿನೊಳಗೆ ಒಂದು ಬೆಟಾಲಿಯನ್. ಮರದ ಮರೆ ಇದೆ, ಡ್ರೋನ್‌ಗೆ ಕಾಣಲ್ಲ. ಕಂದಕ ತೋಡಿ." ನಾನು ಮರಳಿ ಬರೆದದ್ದು ಒಂದೇ ಸಾಲು: "ಮರಳು ಮಣ್ಣು, ಅಗೆಯಲು ಸುಲಭ, ಸಂಜೆಯೊಳಗೆ ಮುಗಿಯಿತು." ಅವನಿಗೆ ಖುಷಿ. ಆಮೇಲೆ ಕೆಲವು ಟರ್ನ್ ಏನೂ ಇಲ್ಲ. ಆಮೇಲೆ ಚೀಟಿ ಹೋಯಿತು: "ನೀವು ಮಲಗುತ್ತಿರುವ ಜಾಗ ಯಾವುದೆಂದು ಗೊತ್ತೇ ಎಂದು ಸ್ಥಾವರದ ನೌಕರನೊಬ್ಬ ನಿಮ್ಮ ಸೈನಿಕರನ್ನು ಕೇಳಿದ್ದಾನೆ. ಎರಡು ಕಂಪನಿಗಳು ಕಂದಕಕ್ಕೆ ಇಳಿಯಲು ಒಪ್ಪುತ್ತಿಲ್ಲ." ಅವನು ಮ್ಯಾಪನ್ನೇ ನೋಡುತ್ತಾ ಕೂತ. ಡೋಸ್ ಎಷ್ಟು ಅಂತ ಕೇಳಿದ. ನಿನ್ನ ಬಳಿ ವಿಕಿರಣ ಅಳೆಯುವ ಡೋಸಿಮೀಟರ್ ಇದೆಯಾ ಅಂತ ನಾನು ಕೇಳಿದೆ. ಇರಲಿಲ್ಲ. ಕೀವ್ ಕಡೆ ಹೋಗಬೇಕಿದ್ದ ಬೆಟಾಲಿಯನ್ ಹೊಸ ಜಾಗ ಹುಡುಕುತ್ತಾ ಎರಡು ದಿನ ಕಳೆಯಿತು.

ಇದು ನನ್ನ ಕಲ್ಪನೆ ಅಂದುಕೊಳ್ಳಬೇಡಿ. ರಕ್ಷಣಾ ಉಡುಪಿಲ್ಲದೆ ವಾಹನಗಳು ರೆಡ್ ಫಾರೆಸ್ಟ್‌ನಲ್ಲಿ ಹೋದವು, ಕೆಲವು ಸೈನಿಕರಿಗೆ 1986ರ ದುರಂತದ ಬಗ್ಗೆಯೇ ಗೊತ್ತಿರಲಿಲ್ಲ ಅಂತ ಸ್ಥಾವರದ ನೌಕರರು ಆಗ ಸುದ್ದಿಗಾರರಿಗೆ ಹೇಳಿದ್ದರು. ಮಾರ್ಚ್ 31ರಂದು ಪಡೆ ಸ್ಥಾವರ ಬಿಟ್ಟಾಗ, ಸೈನಿಕರಿಗೆ ಭಾರೀ ಡೋಸ್ ತಗುಲಿದೆ ಎಂದು ಉಕ್ರೇನಿನ ಅಣು ವಿದ್ಯುತ್ ಸಂಸ್ಥೆ ಎನರ್ಗೋಆಟಮ್ ಹೇಳಿತು. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ, ಅದೇ ಐಎಇಎ, ಅದನ್ನು ದೃಢಪಡಿಸಲಾಗಲಿಲ್ಲ ಅಂದಿತು. ಏಪ್ರಿಲ್ ಕೊನೆಗೆ ಅವರ ತಂಡ ಅಗೆದ ಜಾಗದಲ್ಲಿ ಅಳತೆ ಮಾಡಿ, ಮಟ್ಟ ಏರಿದೆ, ಆದರೆ ಕೆಲಸಗಾರರ ಮಿತಿಯೊಳಗಿದೆ ಅಂದಿತು. ಬೇಸಿಗೆಯಲ್ಲಿ ಗ್ರೀನ್‌ಪೀಸ್ ಹೋಗಿ ಅಳೆದು, ಅದಕ್ಕಿಂತ ಹೆಚ್ಚಿದೆ ಅಂದಿತು. ಯಾರ ಅಂಕಿ ಹಿಡಿದರೂ ನನ್ನ ನಿಯಮ ಅಲುಗುವುದಿಲ್ಲ. ವದಂತಿಯ ಓಟ ಗಾಮಾ ಕಿರಣಕ್ಕಿಲ್ಲ.

ಈಗ ಅಡ್ಡದಾರಿ ಪ್ರಯೋಗಗಳು. ಟ್ಯಾಂಕ್ ಎಬ್ಬಿಸುವ ಧೂಳಿಗೆ ಒಂದು ನಿಯಮ ಮಾಡಲು ವಾರಗಟ್ಟಲೆ ಒದ್ದಾಡಿದೆ. ಫೆಬ್ರವರಿ 24–25ರಂದು ವಲಯದ ವಿಕಿರಣ ಸೆನ್ಸರ್‌ಗಳ ಅಂಕಿ ಏಕಾಏಕಿ ಏರಿತ್ತಲ್ಲ, ಒಂದು ಕಡೆ ಗಂಟೆಗೆ 65 ಮೈಕ್ರೋಸೀವರ್ಟ್‌ವರೆಗೂ ತೋರಿಸಿತ್ತು. ಭಾರೀ ವಾಹನಗಳು ಮಣ್ಣು ಕೆದಕಿದ್ದೇ ಕಾರಣ ಅಂತ ಉಕ್ರೇನಿನ ಅಣು ನಿಯಂತ್ರಣ ಸಂಸ್ಥೆ ಹೇಳಿತ್ತು. ನಾನೂ ನಂಬಿದ್ದೆ. ಆದರೆ ಮರುತೇಲುವಿಕೆಯ ಗುಣಾಂಕವನ್ನು (ನೆಲದಲ್ಲಿರೋದು ಎಷ್ಟು ಗಾಳಿಗೆ ಏಳುತ್ತೆ ಅನ್ನೋ ಅಂಕಿಯನ್ನು) ಧಾರಾಳವಾಗಿ 10 ಲಕ್ಷದಲ್ಲಿ ಒಂದಕ್ಕೆ ಇಟ್ಟರೂ, ಗಾಳಿಯಲ್ಲಿ ತೇಲುವ, ವಿಕಿರಣ ಸೂಸುವ ಸೀಸಿಯಂ ಆ ಏರಿಕೆಯ ಹತ್ತಿರಕ್ಕೂ ಬರಲಿಲ್ಲ. ಆಮೇಲೆ 2023ರಲ್ಲಿ ಸಂಶೋಧಕರೂ ಅದನ್ನೇ ಪ್ರಕಟಿಸಿದರು: ಆ ಏರಿಕೆಗೆ ವಾಹನದ ಧೂಳು ಕಾರಣವಲ್ಲ, ವೈರ್‌ಲೆಸ್ ಸಿಗ್ನಲ್‌ಗಳ ಅಡಚಣೆ ಇರಬಹುದು ಅಂತ. ಸ್ಪ್ರೆಡ್‌ಶೀಟ್ ನನಗೆ ಮೊದಲೇ ಹೇಳಿತ್ತು ಅಂತ ಸ್ವಲ್ಪ ಜಂಬ ಕೊಚ್ಚಿಕೊಳ್ಳಲು ಅಡ್ಡಿಯಿಲ್ಲ ತಾನೇ? ಈಗ ಧೂಳಿನ ನಿಯಮ ತೆಗೆದು, ಸುಳ್ಳು ಅಂಕಿಯ ಚೀಟಿ ಸೇರಿಸಿದ್ದೇನೆ. ನಿಜವೋ ಸುಳ್ಳೋ ತಿಳಿಯದ ಒಂದು ಸಂಖ್ಯೆ ಕೈಗೆ ಬಂದರೆ ಕಮಾಂಡರ್ ಏನು ಮಾಡುತ್ತಾನೆ ಅನ್ನೋದು ಧೂಳಿಗಿಂತ ರುಚಿಯಾದ ಸಮಸ್ಯೆ. ಇನ್ನೊಂದು ಮಾತು: ಧೂಳಿನಲ್ಲಿ ಲೆಕ್ಕಕ್ಕೆ ಬರೋದು ಪ್ಲುಟೋನಿಯಂ ಮತ್ತು ಅಮೆರಿಸಿಯಂ, ಅದೂ ಶ್ವಾಸಕೋಶದೊಳಗೆ ಹೋದಾಗ. ಜೇಬಿನ ಡೋಸಿಮೀಟರ್‌ಗೆ ಅದು ಕಾಣೋದೇ ಇಲ್ಲ. ಅದರ ಫಲ ವರ್ಷಗಳ ಮೇಲೆ ಬರುವುದು, ನನ್ನ ಆಟ ಐದು ವಾರದ್ದು. ಬಿಟ್ಟೆ.

ಬೆಂಕಿಯ ನಿಯಮ ಇನ್ನೂ ಒಗ್ಗಿಲ್ಲ. 2020ರ ಏಪ್ರಿಲ್‌ನಲ್ಲಿ ವಲಯದ ಕಾಡು ವಾರಗಟ್ಟಲೆ ಉರಿದದ್ದು ಗೊತ್ತೇ ಇದೆ. ಯುದ್ಧದಲ್ಲಿ ಶೆಲ್ ಬಿದ್ದು ಹತ್ತಿಕೊಂಡರೆ ಆರಿಸಲು ಹೋಗುವವರಾರು? ಸೈನ್ಯ ಹೋದ ಮೇಲೂ ನೆಲಬಾಂಬ್ ಇರುತ್ತೆ. ಗಾಳಿಯ ದಿಕ್ಕು ಸೇರಿಸಿದ ಕೂಡಲೇ ಆಟ ಹವಾಮಾನ ವರದಿಯಾಗಿಬಿಡುತ್ತೆ.

ವಿದ್ಯುತ್ ಲೈನ್‌ದು ಮಾತ್ರ ಮೊದಲ ಸಲಕ್ಕೇ ಕೂತಿತು. ಮಾರ್ಚ್ 9ರಂದು ಸ್ಥಾವರಕ್ಕೆ ಹೊರಗಿನ ಕರೆಂಟ್ ಹೋಯಿತು, ಡೀಸೆಲ್ ಜನರೇಟರ್‌ಗಳಲ್ಲಿ ಇದ್ದದ್ದು 48 ಗಂಟೆಯ ಇಂಧನ. ತಣ್ಣಗಿಡಲು ಕೊಳದಲ್ಲಿಟ್ಟಿದ್ದ 20,000ಕ್ಕೂ ಹೆಚ್ಚು ಬಳಸಿದ ಅಣು ಇಂಧನದ ಕಟ್ಟುಗಳು ಹಳೆಯವು. ಕೊನೆಯ ರಿಯಾಕ್ಟರ್ ನಿಂತದ್ದೇ 2000ದಲ್ಲಿ, ಹಾಗಾಗಿ ಕೊಳದ ನೀರೇ ಶಾಖ ಹೀರಿಕೊಳ್ಳಲು ಸಾಕು ಎಂದಿತ್ತು ಐಎಇಎ. ಆದರೆ ಆ ಸ್ಥಾವರ ಹಿಡಿದ ಪಡೆ ಏನು ಮಾಡಬೇಕು? ತನ್ನ ಟ್ಯಾಂಕ್‌ಗೆ ಹೋಗಬೇಕಾದ ಡೀಸೆಲನ್ನು ಶತ್ರುವಿನ ಸ್ಥಾವರಕ್ಕೆ ಸುರಿಯಬೇಕು, ಇಲ್ಲವೇ ಜಗತ್ತಿನ ಬೈಗುಳ ತಿನ್ನಬೇಕು. ಪಾಳಿ ಬದಲಾಗದೆ ಮಾರ್ಚ್ 20ರವರೆಗೆ, ಹತ್ತಿರಹತ್ತಿರ 600 ಗಂಟೆ, ಅಲ್ಲೇ ಸಿಕ್ಕಿಬಿದ್ದ ನೌಕರರಿಗೆ ಊಟ ನಿದ್ದೆಯ ವ್ಯವಸ್ಥೆಯೂ ಆ ಪಡೆಯ ತಲೆಗೇ. ಆಟಗಾರರು ಸ್ಥಾವರವನ್ನು ಬಹುಮಾನ ಅಂತ ಹಿಡಿಯುತ್ತಾರೆ, ನಾಲ್ಕು ಟರ್ನ್ ಆದಮೇಲೆ ಅದು ಹೊರೆ ಅಂತ ಗೊತ್ತಾಗುತ್ತೆ. ಒಂದು ಲಾಭ ಮಾತ್ರ ನಿಜ: ಅಲ್ಲಿ ನಿಂತವನ ಮೇಲೆ ಫಿರಂಗಿ ಹಾರಿಸಲು ಎದುರಾಳಿಯೂ ಹೆದರುತ್ತಾನೆ. ಅದಕ್ಕೂ ಕೋಷ್ಟಕ ಇದೆ.

ದುಡ್ಡಿನ ಮಾತು. ಉಪಗ್ರಹ ಚಿತ್ರ ಕೊಳ್ಳಲು ಹೋಗಿ ಕೆಟ್ಟೆ. ಮಾರುವವರು ಕನಿಷ್ಠ ಇಷ್ಟು ಚದರ ಕಿಲೋಮೀಟರ್ ಅಂತ ಹಿಡಿದು, ಮುನ್ನೂರು ಡಾಲರ್ ಚಿಲ್ಲರೆ ಕಿತ್ತುಕೊಂಡರು. ಬಂದದ್ದು ಮೋಡ ಕವಿದ ತುಣುಕು. ಉಚಿತವಾಗಿ ಸಿಗುವ ಸೆಂಟಿನೆಲ್ ಚಿತ್ರವೇ ಮ್ಯಾಪ್ ಗೇಮಿಗೆ ಧಾರಾಳ ಸಾಕು. ಉಕ್ರೇನಿನಲ್ಲೇ ತಯಾರಾದ ಹಳೆಯ ಡೋಸಿಮೀಟರ್ ಒಂದಕ್ಕೆ ನೂರು ಡಾಲರ್ ಹತ್ತಿರ ಹೋಯಿತು. ಆಟಕ್ಕೆ ಅದು ಬೇಕಿರಲಿಲ್ಲ, ಮೇಜಿನ ಮೇಲಿಟ್ಟರೆ ಆಟಗಾರರ ಮುಖ ಗಂಭೀರವಾಗುತ್ತೆ, ಅಷ್ಟೇ. ದುಡ್ಡಿಗೆ ಸರಿಯಾದ ಫಲ ಸಿಕ್ಕಿದ್ದು ರಸ್ತೆ ಮ್ಯಾಪನ್ನು ದೊಡ್ಡದಾಗಿ ಪ್ರಿಂಟ್ ಮಾಡಿಸಿದಾಗ. ವಲಯ ಸುಮಾರು 2,600 ಚದರ ಕಿ.ಮೀ. ಇದ್ದರೂ ಭಾರೀ ವಾಹನ ಹೋಗಬಲ್ಲ ರಸ್ತೆಗಳು ಬೆರಳೆಣಿಕೆ, ಅಕ್ಕಪಕ್ಕ ಜೌಗು ಮತ್ತು ಕಾಡು. ಅದು ಕಣ್ಣೆದುರು ಹರಡಿದಾಗಲೇ ಆಟಗಾರರಿಗೆ ಅರ್ಥವಾಗೋದು: ವಲಯದ ದಕ್ಷಿಣಕ್ಕಿರುವ ಇವಾಂಕಿವ್‌ನಲ್ಲಿ ತೆತೆರಿವ್ ನದಿಯ ಸೇತುವೆ ಸಿಡಿಸಿಬಿಟ್ಟರೆ ಹಿಂದೆ ಬರುವ ವಾಹನಗಳ ಸಾಲು ಎಲ್ಲಿ ನಿಲ್ಲುತ್ತೆ? ಹಿಂದಕ್ಕೆ ವಲಯದೊಳಗೇ. ನಿಂತರೆ ಗೀಟು ಶುರು.

ಮುಂದಿನದು ಹಿಂತೆಗೆತದ ಹಂತ. ಹೊರಡುವ ವಾಹನಗಳನ್ನು ತೊಳೆಯಬೇಕೋ ಬೇಡವೋ, ತೊಳೆದರೆ ಎಷ್ಟು ಗಂಟೆ, ಮಣ್ಣು ಮೆತ್ತಿದ ಗಾಯಾಳುವನ್ನು ಯಾವ ಆಸ್ಪತ್ರೆ ಒಳಗೆ ಬಿಡುತ್ತೆ ಅನ್ನೋದಕ್ಕೆ ಕೋಷ್ಟಕ ಬರೆಯುತ್ತಿದ್ದೇನೆ. ಪರೀಕ್ಷೆಗೆ ಆಡಲು ಉಕ್ರೇನಿನ ಕಡೆಗೆ ಇನ್ನಿಬ್ಬರು ಬೇಕು, ರಷ್ಯನ್ ಕಡೆಗೆ ಒಬ್ಬರು. ಈ ಬರಹ ಓದಿದವರು ರಷ್ಯನ್ ಕಡೆ ಕೂರುವಂತಿಲ್ಲ.