ಎಮ್ಮೆ ಕಟ್ಟುವ ಗೂಟಕ್ಕೆ ಎಕ್ಸ್‌ಪಲ್ಸ್ ಕಟ್ಟಿದೆ, ಉಳಿಯಿತು

ಹೋದ ಜುಲೈ, ರಾತ್ರಿಯಿಡೀ ಮಳೆ. ಬೆಳಿಗ್ಗೆ ಆರಕ್ಕೆ ನಮ್ಮ ಸೊಸೈಟಿಯ ವಾಚ್‌ಮನ್ ಮಾಮಾ ಇಂಟರ್‌ಕಾಮ್ ಮಾಡಿದರು. ಅವರು ಇಂಡಿ ಕಡೆಯವರು, ನನ್ನ ಜೊತೆ ಕನ್ನಡದಲ್ಲೇ ಮಾತು. "ಸಾಹೇಬ್ರ, ನಿಮ್ಮ ಗಾಡಿ ಕವರ್ ಮೂಲ್ಯಾಗ ಬಿದ್ದೈತಿ. ನೀವ ತೆಗದೀರೇನು?" ನಾನು ತೆಗೆದಿರಲಿಲ್ಲ. ಚಪ್ಪಲಿ ಕೂಡ ಹಾಕದೆ ಇಳಿದೆ.

ನನ್ನ ಹೀರೋ ಎಕ್ಸ್‌ಪಲ್ಸ್ ಬೈಕ್ ಅಲ್ಲೇ ಇತ್ತು, ಪಾರ್ಕಿಂಗ್‌ನಲ್ಲಿ ನಾನು ಹುಗಿದ ಕಬ್ಬಿಣದ ಗೂಟಕ್ಕೆ ಸರಪಳಿಯಲ್ಲಿ ಕಟ್ಟಿದ ಹಾಗೇ. ಹ್ಯಾಂಡಲ್ ಲಾಕ್ ಮುರಿದಿತ್ತು. ಎಡಕ್ಕೆ ತಿರುಗಿಸಿಟ್ಟ ಹ್ಯಾಂಡಲ್ ನೆಟ್ಟಗಾಗಿತ್ತು, ಹೆಡ್‌ಲೈಟ್ ಹಿಂದಿನ ವೈರ್ ಹೊರಗೆ ಜೋತಾಡುತ್ತಿದ್ದವು. ಸರಪಳಿಗೆ ತೊಡಿಸಿದ್ದ ಹಳೆ ಟ್ಯೂಬು ಒಂದು ಗೇಣು ಸೀಳಿತ್ತು. ಒಳಗಿನ ಒಂದು ಕೊಂಡಿಯ ಮೇಲೆ ಎದುರುಬದುರು ಎರಡು ಕಚ್ಚು, ಹೊಸ ಸ್ಟೀಲ್ ಡಬ್ಬಿ ಹಾಗೆ ಹೊಳೀತಿದ್ದವು. ಉಗುರು ಇಟ್ಟು ನೋಡಿದೆ. ಉಗುರಿನ ದಪ್ಪದಷ್ಟು ಆಳ, ಅಷ್ಟೇ. ಕಳ್ಳರು ಬೋಲ್ಟ್ ಕಟರ್ (ಕಬ್ಬಿಣ ಕತ್ತರಿಸುವ ಉದ್ದ ಹಿಡಿಯ ಕತ್ತರಿ) ತಂದಿದ್ದರು, ಕಚ್ಚಿ ನೋಡಿದ್ದರು, ಆಗಲಿಲ್ಲ, ಹೋದರು.

ಅದಕ್ಕೇ ಇದನ್ನು ಬರೀತಾ ಇದ್ದೀನಿ. ಎರಡು ವರ್ಷ ಭಾನುವಾರ ಜೊತೆಗೆ ಬೈಕ್ ಓಡಿಸುವ ನಮ್ಮ ಗುಂಪಿನವರು ನನ್ನನ್ನು "ಗೂಟಪ್ಪ" ಅಂತಲೇ ಕರೆದರು. "ಕಳ್ಳ ಮನಸ್ಸು ಮಾಡಿದ್ರ ಏನ್ ಹಾಕಿದ್ರೂ ಒಯ್ತಾನಲೇ, ಸುಮ್ನ ಇನ್ಶೂರೆನ್ಸ್ ತುಂಬು" ಅನ್ನೋದು ಅವರ ಮಾತು. ಆ ಕೊಂಡಿಯ ಫೋಟೋ ಕಳಿಸಿದ ಮೇಲೆ ಯಾರೂ ಹಾಗೆ ಅಂದಿಲ್ಲ. ಒಬ್ಬ ಮಾತ್ರ ಗೂಟ ಹುಗಿದ ಗೌಂಡಿಯ ನಂಬರ್ ಕೇಳಿದ.

ನಾನು ಧಾರವಾಡದವ. ಪುಣೆಗೆ ಬಂದು ಹನ್ನೊಂದು ವರ್ಷ, ಮನೆ ಧಾಯರಿಯಲ್ಲಿ. ಬೈಕ್ ಓಡಿಸೋಕೆ ಸಿಂಹಗಡ ಕೋಟೆ, ಪಾನಶೇತ್ ಅಣೆಕಟ್ಟು ಹತ್ತಿರ ಅಂತಲೇ ಅಲ್ಲಿ ಮನೆ ಮಾಡಿದ್ದು ಅಂತ ಹೆಂಡತಿ ಇವತ್ತಿಗೂ ಬೈತಾಳೆ. ತಪ್ಪೇನಿಲ್ಲ, ಅದು ನಿಜ. ಮೊದಲ ಗಾಡಿ ಹೀರೋ ಇಂಪಲ್ಸ್ ಬೈಕ್, ಊರಿಂದ ತಂದದ್ದು, ಕೆಎ 25 ನಂಬರ್. 2018ರ ದೀಪಾವಳಿಗೆ ನಾವು ಊರಿಗೆ ಹೋದಾಗ ಅದು ಹೋಯಿತು. ಮುಂದಿನ ಚಕ್ರಕ್ಕೆ ಮುನ್ನೂರೈವತ್ತು ರೂಪಾಯಿಯ ಕೇಬಲ್ ಲಾಕ್ ಹಾಕಿ ಕಂಬಕ್ಕೆ ಬಿಗಿದು ಹೋಗಿದ್ದೆ. ವಾಪಸ್ ಬಂದಾಗ ಕಂಬಕ್ಕೆ ಚಕ್ರ ಮಾತ್ರ ಇತ್ತು. ಲಾಕ್ ಮುಟ್ಟಿಯೇ ಇರಲಿಲ್ಲ ಕಣ್ರೀ. ಆಕ್ಸಲ್ ಬಿಚ್ಚಿ, ಚಕ್ರ ನನಗೇ ಬಿಟ್ಟು, ಉಳಿದ ಗಾಡಿಯನ್ನು ಯಾವುದೋ ಛೋಟಾ ಹಾಥಿಗೆ (ಸಣ್ಣ ಸರಕು ಗಾಡಿ) ಏರಿಸಿಕೊಂಡು ಹೋಗಿದ್ದರು. ಆ ಚಕ್ರ ಈಗಲೂ ಬಾಲ್ಕನಿಯಲ್ಲಿ ನೇತಾಡ್ತಾ ಇದೆ, ಅದರ ಮೇಲೆ ಸಾಕ್ಸ್ ಒಣಗುತ್ತವೆ.

ಸ್ಟೇಷನ್‌ಗೆ ಹೋದರೆ ಚಾಸಿ ನಂಬರ್ ಕೇಳಿದರು. ಆರ್‌ಸಿ ಝೆರಾಕ್ಸ್ ಎಲ್ಲಿತ್ತು? ಗಾಡಿಯ ಟೂಲ್ ಬಾಕ್ಸಿನಲ್ಲಿ. ಎಫ್‌ಐಆರ್ ಆಯಿತು. ಹಣ ಮಾತ್ರ ಒಂದು ಪೈಸೆ ಬರಲಿಲ್ಲ. ಹಳೇ ಗಾಡಿ ಅಂತ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಅಷ್ಟೇ ಕಟ್ಟಿದ್ದೆ, ಅದರಲ್ಲಿ ಕಳ್ಳತನ ಬರೋದಿಲ್ಲ.

2021ರ ಕೊನೆಗೆ ಎಕ್ಸ್‌ಪಲ್ಸ್ 200 4ವಿ ತಗೊಂಡೆ. ರಸ್ತೆಗೆ ಬರುವಾಗ ಒಂದೂವರೆ ಲಕ್ಷ ದಾಟಿತ್ತು. ಟೈರು, ಹ್ಯಾಂಡಲ್, ಕ್ರ್ಯಾಶ್ ಗಾರ್ಡ್ ಅಂತ ಇನ್ನೊಂದು ನಲವತ್ತು ಸಾವಿರ ಹಾಕಿದೆ. ನಮ್ಮಂಥ ಗಾಡಿಗಳ ಕಷ್ಟವೇ ಇದು. ತೂಕ 160 ಕಿಲೋ ಒಳಗೆ, ನೆಲದಿಂದ ಎತ್ತರ, ಹಿಡಿಯೋಕೆ ಎಲ್ಲಾ ಕಡೆ ಕೈಗೆ ಸಿಗುತ್ತದೆ. ಮೂರು ಜನ ಸೇರಿದರೆ ಮದುವೆಮನೆಯ ಪಾತ್ರೆ ಎತ್ತಿದ ಹಾಗೆ ಎತ್ತಬಹುದು. ಸ್ಟಾರ್ಟ್ ಮಾಡೋದೇ ಬೇಡ. ಇದು ತಲೆಗೆ ಹೋಗೋಕೆ ನನಗೆ ಎರಡು ವರ್ಷ, ಹದಿನಾಲ್ಕು ಸಾವಿರ ರೂಪಾಯಿ ಬೇಕಾಯಿತು.

ಮೊದಲು ಡಿಸ್ಕ್ ಲಾಕ್, ಬ್ರೇಕಿನ ಡಿಸ್ಕಿಗೆ ಹಾಕುವ ಬೀಗ. ಲಾಕ್ ಹಾಕಿದ್ದು ಮರೆಯದಿರಲಿ ಅಂತ ಅದರ ಜೊತೆ ಕಿತ್ತಳೆ ಬಣ್ಣದ ನೆನಪಿನ ದಾರ ಕೊಟ್ಟಿದ್ದರು, ಅದು ಮಕ್ಕಳಾಟ ಅಂತ ಬಿಸಾಡಿದೆ. ನಾಲ್ಕನೇ ದಿನ ಐದೂವರೆಗೆ ನಿದ್ದೆಗಣ್ಣಲ್ಲಿ ಗಾಡಿ ತಳ್ಳಿದೆ, ಅರ್ಧ ಸುತ್ತು ಹೋಗಿ ಗಕ್ಕಂತ ನಿಂತು ನನ್ನ ಕಾಲ ಮೇಲೇ ಮಲಗಿತು. ಡಿಸ್ಕ್ ಬೆಂಡ್, ಲಿವರ್ ಮುರಿತ, ಮೂರು ಸಾವಿರ. ದಾರ ಬಿಸಾಡಬೇಡಿ.

ಆಮೇಲೆ ಗಾಡಿ ಎಲ್ಲಿದೆ ಅಂತ ಫೋನಿನ ನಕ್ಷೆಯಲ್ಲಿ ತೋರಿಸುವ ಟ್ರ್ಯಾಕರ್, 2,400 ಇರಬೇಕು. ನಮ್ಮದು ಸ್ಟಿಲ್ಟ್ ಪಾರ್ಕಿಂಗ್, ಮೇಲೆ ಏಳು ಮಹಡಿ, ಸಿಗ್ನಲ್ ಸರಿಯಾಗಿ ಸಿಗೋದಿಲ್ಲ. ನಕ್ಷೆಯಲ್ಲಿ ಗಾಡಿ ದಿನಾ ರಾತ್ರಿ ಎದುರಿನ ನಾಲಾದಲ್ಲಿ ಈಜಾಡ್ತಾ ಇತ್ತು. ಎರಡು ವಾರ ಓಡಿಸದಿದ್ದರೆ ಬ್ಯಾಟರಿಯನ್ನೂ ಕುಡಿದುಬಿಡುತ್ತಿತ್ತು, ಸೆಲ್ಫ್ ಒತ್ತಿದರೆ ಬರೀ ಟಕ್ ಟಕ್. ಈಗಲೂ ಅದು ಗಾಡಿಯಲ್ಲಿದೆ, ಆದರೆ ಒಂದು ಮಾತು: ಟ್ರ್ಯಾಕರ್ ಕಾಯೋದಿಲ್ಲ, ಹೋದ ಮೇಲೆ ಹುಡುಕೋಕೆ ಅದು.

ಕಿಲ್ ಸ್ವಿಚ್‌ನ ಕಥೆ ಹೇಳಲೇಬೇಕು, ಮರ್ಯಾದೆ ಹೋದರೂ ಪರವಾಗಿಲ್ಲ. ನಾನಾ ಪೇಠೆಯಿಂದ ಅರವತ್ತು ರೂಪಾಯಿಯ ಸ್ವಿಚ್ ತಂದು ಇಂಜಿನ್‌ಗೆ ಪೆಟ್ರೋಲ್ ಕಳಿಸುವ ಪಂಪಿನ ವೈರಿಗೆ ಸೇರಿಸಿದೆ, ಸೀಟಿನ ಕೆಳಗೆ ಇಟ್ಟೆ. ಆಫ್ ಮಾಡಿದರೆ ಗಾಡಿ ಸ್ಟಾರ್ಟ್ ಆಗೋದಿಲ್ಲ. ಒಂದು ತಿಂಗಳು ಚೆನ್ನಾಗಿತ್ತು. ಆಗಸ್ಟ್‌ನಲ್ಲಿ ಪಾನಶೇತ್ ಆಚೆ ಒಂದು ಹಳ್ಳ ದಾಟುವಾಗ ನಡು ನೀರಿನಲ್ಲಿ ಗಾಡಿ ಸತ್ತಿತು. ಹಿಂದೆ ಆರು ಜನ. ಸೈಲೆನ್ಸರ್‌ಗೆ ನೀರು ಹೋಯಿತು ಅಂತ ಎಲ್ಲರೂ ಸೇರಿ ತಳ್ಳಿದರು, ಪ್ಲಗ್ ಬಿಚ್ಚಿದರು, ಏರ್ ಫಿಲ್ಟರ್ ಹಿಂಡಿದರು. ಒಂದೂವರೆ ಗಂಟೆ ಆದ ಮೇಲೆ ನನಗೆ ಸ್ವಿಚ್ ನೆನಪಾಯಿತು. ಒಳಗೆ ನೀರು, ಕೆಸರು. ನಾನು ಅದನ್ನು ಯಾರಿಗೂ ಹೇಳದೆ ಹಲ್ಲಲ್ಲಿ ವೈರ್ ಸುಲಿದು ನೇರ ಜೋಡಿಸಿ "ಹಾಂ, ಬಂತು ನೋಡ್ರಿ" ಅಂದೆ. ಈಗ ಓದಿದವರು ಕ್ಷಮಿಸಿ. ಈಗಿನದು ನೀರು ಹೋಗದ ರಿಲೇ ಸ್ವಿಚ್, ಪ್ರತಿ ಜೋಡಣೆ ಬೆಸುಗೆ ಹಾಕಿ ಹೀಟ್ ಶ್ರಿಂಕ್ (ಕಾಸಿದರೆ ಬಿಗಿಯುವ ಕೊಳವೆ) ತೊಡಿಸಿದ್ದು. ಎಲ್ಲಿದೆ ಅಂತ ಹೇಳೋದಿಲ್ಲ. ಸರ್ವಿಸ್‌ಗೆ ಕೊಡುವಾಗ ಅವರಿಗೂ ಹೇಳೋದಿಲ್ಲ, ಆನ್ ಮಾಡಿಟ್ಟು ಕೊಡ್ತೀನಿ.

ಕದಲಿದರೆ ಕೂಗುವ ಅಲಾರ್ಮ್ ಕೂಡ ಹಾಕಿದ್ದೆ. ಸೊಸೈಟಿಯ ನಾಯಿಗಳಿಗೆ ಮಳೆಯಲ್ಲಿ ನನ್ನ ಗಾಡಿಯ ಕೆಳಗೇ ಮಲಗಬೇಕು. ಮೂರನೇ ರಾತ್ರಿ ಹೆಂಡತಿ ಅಂದಳು, "ರೀ, ಕಳ್ಳ ಒಯ್ದರ ಒಯ್ಯಲಿ, ನಿದ್ದಿ ಆದ್ರೂ ಬರ್ತೈತಿ." ತೆಗೆದೆ.

ಆಗ ತಲೆಗೆ ಬಂದದ್ದು ಊರಿನ ದನದ ಕೊಟ್ಟಿಗೆ. ಎತ್ತಿಕೊಂಡು ಹೋಗೋದನ್ನು ತಡೆಯೋಕೆ ಗೂಟ ಬೇಕು. ಮೊದಲ ಗೂಟ ದೊಡ್ಡ ಮೂರ್ಖತನ. ನಾಲ್ಕು 12 ಎಂಎಂ ಆಂಕರ್ ಬೋಲ್ಟ್ ಹೊಡೆದು ಪ್ಲೇಟ್ ಕೂರಿಸಿದೆ, ನೋಡೋಕೆ ಏನು ಚಂದ! ಕೂರಿಸಿದ್ದು ಪೇವರ್ ಬ್ಲಾಕ್ ಮೇಲೆ. ಪೇವರ್ ಕೆಳಗೆ ಏನಿರುತ್ತೆ ಹೇಳಿ? ಉಸುಕು. ಒಂದು ಹಾರೆ ಹಾಕಿ ನಾನೇ ಎಬ್ಬಿಸಿ ನೋಡಿದೆ, ನಾಲ್ಕು ಬ್ಲಾಕ್ ಸಮೇತ ಪ್ಲೇಟು ಇಡ್ಲಿ ತಟ್ಟೆ ಹಾಗೆ ಮೇಲೆ ಬಂತು.

ಎರಡನೇದಕ್ಕೆ ಗುಂಡಿಯೇ ತೋಡಬೇಕು. ಸೆಕ್ರೆಟರಿ ಕಾಕಾ ಒಪ್ಪಲಿಲ್ಲ. "ಉದ್ಯಾ ಸಗಳೇಚ ಖಡ್ಡೆ ಖಣತೀಲ" ಅಂದರು, ನಾಳೆ ಎಲ್ಲರೂ ಗುಂಡಿ ತೋಡ್ತಾರೆ ಅಂತ. ಮೂರು ಮೀಟಿಂಗ್ ಆಯಿತು. ನಮ್ಮ ಅದೃಷ್ಟಕ್ಕೆ ಕೆಳಗೆ ಬೇಸ್‌ಮೆಂಟ್ ಇಲ್ಲ, ಬರೀ ಮಣ್ಣು. ಕೆಳಗೆ ಸ್ಲ್ಯಾಬ್ ಇರುವ ಪಾರ್ಕಿಂಗ್ ಆಗಿದ್ದರೆ ವಾಟರ್‌ಪ್ರೂಫಿಂಗ್ ಹಾಳಾಗುತ್ತೆ, ಅಲ್ಲಿ ಇದನ್ನು ಮಾಡಲೇಬೇಡಿ. ಕಾಲಿಗೆ ತಾಗದ ಹಾಗೆ ಮುಚ್ಚಳ ಹಾಕ್ತೀನಿ, ಮನೆ ಬಿಡುವಾಗ ಪೇವರ್ ಮೊದಲಿನ ಹಾಗೆ ಮಾಡಿಕೊಡ್ತೀನಿ ಅಂತ ಬರೆದುಕೊಟ್ಟ ಮೇಲೆ ಹೂಂ ಅಂದರು.

ಅಷ್ಟರಲ್ಲಿ ಸರಪಳಿಯ ಪರೀಕ್ಷೆ. ಇದು ನನಗೆ ತುಂಬಾ ಇಷ್ಟವಾದ ಭಾಗ. ರವಿವಾರ ಪೇಠೆಯ ಬೊಹ್ರಿ ಆಳಿಯಿಂದ 24 ಇಂಚಿನ ಬೋಲ್ಟ್ ಕಟರ್ ತಂದೆ, ಸಾವಿರದ ಆರುನೂರೋ ಏನೋ. ನರ್ಹೆಯಲ್ಲಿ ನನಗೆ ಗೊತ್ತಿರುವ ವೆಲ್ಡರ್ ಒಬ್ಬರಿದ್ದಾರೆ, ಅಕ್ಕಲಕೋಟೆಯವರು. ಅವರ ಶೆಡ್‌ನಲ್ಲಿ ಒಂದು ಭಾನುವಾರ ನಾನೇ ಕಳ್ಳನಾದೆ. ಅಂಗಡಿಯಲ್ಲಿ "ಹೆವಿ ಡ್ಯೂಟಿ" ಅಂತ ಮಾರಿದ್ದ 8 ಎಂಎಂ ಸರಪಳಿ ಒಂದೇ ಹಿಡಿತಕ್ಕೆ ಬಿಸ್ಕತ್ತು. 10 ಎಂಎಂ ಕೈಯಲ್ಲಿ ಆಗಲಿಲ್ಲ, ಆದರೆ ಕಟರ್‌ನ ಒಂದು ಹಿಡಿಯನ್ನು ನೆಲಕ್ಕಿಟ್ಟು ಇನ್ನೊಂದರ ಮೇಲೆ ಎಪ್ಪತ್ತೆಂಟು ಕಿಲೋ ನಾನು ಕೂತೆ, ಟಪ್ ಅಂತು. ಅಲ್ಲಿ ಗೊತ್ತಾಯಿತು, ಸರಪಳಿ ನೆಲಕ್ಕೆ ತಾಗಲೇಬಾರದು. ತಾಗಿದರೆ ಕಳ್ಳನಿಗೆ ಭೂಮಿಯೇ ಸಹಾಯ ಮಾಡುತ್ತೆ.

ಭೋಸರಿ ಎಂಐಡಿಸಿಯಲ್ಲಿ (ಕೈಗಾರಿಕಾ ಪ್ರದೇಶ) ಕ್ರೇನ್ ಸಾಮಾನು ಮಾರುವವರ ಹತ್ತಿರ ಭಾರ ಎತ್ತುವ ಸರಪಳಿ ಸಿಗುತ್ತದೆ, ಗ್ರೇಡ್ 80 ಅಂತ ಕೇಳಬೇಕು. 13 ಎಂಎಂ ದಪ್ಪದ್ದು ಒಂದೂವರೆ ಮೀಟರ್ ತಗೊಂಡೆ, ಸಾವಿರದ ಏಳುನೂರರ ಆಸುಪಾಸು. ಆರು ಕಿಲೋ ಹತ್ತಿರ ತೂಕ, ಪ್ರವಾಸಕ್ಕೆ ಒಯ್ಯೋಕೆ ಆಗೋದಿಲ್ಲ, ಮನೆಯಲ್ಲೇ ಇರುತ್ತೆ. ಕಟರ್ ಅದನ್ನು ಕಚ್ಚಿತು, ಕಟರ್‌ನ ಹಲ್ಲೇ ಮುಕ್ಕಾಯಿತು. ಆಮೇಲೆ ವೆಲ್ಡರ್ ಕೈಯಿಂದ ಗ್ರೈಂಡರ್ ಇಸಕೊಂಡೆ. ಅದು ಕತ್ತರಿಸುತ್ತೆ ರೀ, ಮುಚ್ಚಿಡೋದು ಏನಿದೆ. ಕೊಂಡಿಯ ಒಂದು ಬದಿಗೆ ಮುಕ್ಕಾಲು ನಿಮಿಷ, ಒಂದು ಬದಿ ಕಡಿದರೆ ತೆರೆಯೋದಿಲ್ಲ, ಎರಡೂ ಬೇಕು. ಆದರೆ ಆ ಕಿಡಿ, ಆ ಕಿರುಚಾಟ! ಅಕ್ಕಪಕ್ಕದ ಮೂರು ಶೆಡ್‌ನವರು ಬಂದು ನೋಡಿದರು. ರಾತ್ರಿ ಮೂರಕ್ಕೆ ಏಳು ಮಹಡಿಯ ಕೆಳಗೆ ಅದನ್ನು ಮಾಡುವ ಧೈರ್ಯ ಇದ್ದವನಿಗೆ ನಾನು ಸೋತೆ.

ಗೂಟಕ್ಕೆ ಕಬ್ಬಿಣ ಹಳೆ ಸಾಮಾನಿನ ಜೂನಾ ಬಜಾರಿನದು, ಬುಧವಾರ ಭಾನುವಾರ ಕೂಡುತ್ತದಲ್ಲ, ಅಲ್ಲಿ. ಲಾರಿಯ ಪಾಟಾ (ಸ್ಪ್ರಿಂಗ್ ಪಟ್ಟಿ) ಬಿಗಿಯುವ ಯು ಬೋಲ್ಟ್, 250 ರೂಪಾಯಿ. ಅದಕ್ಕೆ ವೆಲ್ಡಿಂಗ್ ಮಾಡಿಸಬೇಡಿ, ಕಾದರೆ ಹದ ಹೋಗುತ್ತೆ. ಅದರದೇ ನಟ್ ಹಾಕಿ ಕೆಳಗೆ ದಪ್ಪ ಪ್ಲೇಟ್ ಬಿಗಿದೆ. ಗುಂಡಿ ಒಂದೂವರೆ ಫೂಟು ಚೌಕ, ಎರಡು ಫೂಟು ಆಳ, ಬಾಯಿಗಿಂತ ತಳ ಸ್ವಲ್ಪ ಅಗಲ. ಒಂದು ಚೀಲ ಸಿಮೆಂಟು, ಉಸುಕು, ಖಡಿ, ಎಲ್ಲ ಸೇರಿ ಮುನ್ನೂರು ಕಿಲೋದ ಬಂಡೆ ನೆಲದೊಳಗೆ. ಗೌಂಡಿ ಏಳುನೂರು ತಗೊಂಡ, ತಗೊಂಡು "ಏನ್ ಸಾಹೇಬ್ರ, ಆನಿ ಕಟ್ತೀರೇನು?" ಅಂದ. ಕಾಂಕ್ರೀಟ್ ಹಾಕುವಾಗ ಬೋಲ್ಟಿನ ಸುತ್ತ ಇನ್ನೊಂದು ಸಾಮಾನು ಹುಗಿದಿದ್ದೇನೆ. ಗ್ರೈಂಡರ್ ಅಲ್ಲಿಗೆ ಬಂದರೆ ಡಿಸ್ಕಿಗೆ ಗೊತ್ತಾಗುತ್ತೆ, ನಾನು ಯಾಕೆ ಹೇಳಲಿ. ಹತ್ತು ದಿನ ಒದ್ದೆ ಗೋಣಿ ಹೊದಿಸಿದೆ, ಮೂರು ವಾರ ಮುಟ್ಟಲಿಲ್ಲ.

ಬೀಗದಲ್ಲಿ ಮತ್ತೆ ಎಡವಿದೆ. ಐದುನೂರರ ಬೀಗ ಹಾಕಿದ್ದೆ, ಕೊಂಡಿ ಹೊರಗೆ ಕಾಣುವಂಥದ್ದು. ನನ್ನದೇ ಮುಕ್ಕು ಹಲ್ಲಿನ ಕಟರ್ ಅದನ್ನು ಕತ್ತರಿಸಿತು. ಆಮೇಲೆ ಕೊಂಡಿ ಪೂರ್ತಿ ಮುಚ್ಚಿದ ಬೀಗ, ಸಾವಿರದ ಒಂಬೈನೂರು. ಮೊದಲ ಮಳೆಗಾಲದಲ್ಲೇ ಅದು ಹಿಡಿದುಕೊಂಡಿತು, ಎಣ್ಣೆ ಬಿಟ್ಟಿದ್ದೆ, ಧೂಳು ಕೂತು ಅಂಟಾಗಿತ್ತು. ಈಗ ಪೆನ್ಸಿಲ್ ಸೀಸ ಕೆರೆದು ಆ ಪುಡಿ ಹಾಕ್ತೀನಿ, ನುಣ್ಣಗೆ ತಿರುಗುತ್ತೆ. ಬೀಗ ಕೆಳಗೆ ಬರಬಾರದು, ನೆಲದ ಮೇಲಿಟ್ಟು ಸುತ್ತಿಗೆಯಲ್ಲಿ ಹೊಡೀತಾರೆ. ಸರಪಳಿಯ ಒಂದು ತುದಿಗೆ ದೊಡ್ಡ ರಿಂಗ್ ಇದ್ದರೆ ಗೂಟಕ್ಕೆ ಕುಣಿಕೆ ಹಾಕಬಹುದು, ಬೀಗ ಮೇಲೆ ಫ್ರೇಮಿನ ಹತ್ತಿರ ಬರುತ್ತೆ. ಚಕ್ರಕ್ಕಂತೂ ಮತ್ತೆ ಕಟ್ಟೋದಿಲ್ಲ, ಕಟ್ಟೋದು ಫ್ರೇಮಿಗೆ. ಎಕ್ಸ್‌ಪಲ್ಸ್‌ನಲ್ಲಿ ಯಾವ ಸಂದಿಯಲ್ಲಿ ತೂರಿಸಿದರೆ ಬಿಗಿಯಾಗಿ ಕೂರುತ್ತೆ ಅಂತ ಅರ್ಧ ಗಂಟೆ ಗಾಡಿ ಕೆಳಗೆ ಮಲಗಿದರೆ ನಿಮಗೇ ಗೊತ್ತಾಗುತ್ತೆ.

ಗೂಟ, ಸರಪಳಿ, ಬೀಗ ಎಲ್ಲ ಸೇರಿ ಐದೂವರೆ ಸಾವಿರ. ಹದಿನಾಲ್ಕು ಸಾವಿರ ಮೊದಲೇ ನೀರಿಗೆ ಹೋದದ್ದು ಬೇರೆ.

ಇನ್ನೊಂದು ಹುಚ್ಚಾಟ ಮಾಡಿದ್ದೆ. ಕವರ್ ಹಾಕಿದರೂ ಮುಂದಿನ ಎತ್ತರದ ಮಡ್‌ಗಾರ್ಡ್ ಇದು ಯಾವ ಗಾಡಿ ಅಂತ ಹೇಳಿಬಿಡುತ್ತೆ. ಹಾಗಾಗಿ ಮಗನ ಹಳೆ ಸ್ನಾನದ ಟಬ್ಬನ್ನು ಹಿಂದಿನ ಸೀಟಿನ ಮೇಲೆ ಬೋರಲು ಹಾಕಿ, ಮೇಲೆ ತೇಪೆ ಹಾಕಿದ ಸ್ಕೂಟರ್ ಕವರ್ ಎಳೆದೆ. ದೂರದಿಂದ ಗ್ಯಾಸ್ ಸಿಲಿಂಡರ್ ಹೇರಿದ ಸ್ಕೂಟರ್ ಹಾಗೆ ಕಾಣ್ತಿತ್ತು. ಆ ಕಳ್ಳರು ಮೋಸ ಹೋಗಲಿಲ್ಲ, ಅದು ಕಂಡ ಹಾಗೇ ಇದೆ. ಮನೆ ಪತ್ತೆಯಾದದ್ದು ಬಹುಶಃ ಹೀಗೆ: ನನ್ನ ರೈಡ್ ಆ್ಯಪ್‌ನಲ್ಲಿ ಪ್ರತಿ ಭಾನುವಾರ ಮನೆ ಬಾಗಿಲಿಂದಲೇ ಗೆರೆ ಶುರುವಾಗ್ತಿತ್ತು, ಎಲ್ಲರಿಗೂ ಕಾಣ್ತಿತ್ತು. ಈಗ ಮನೆಯ ಸುತ್ತ ಮರೆ ಮಾಡಿದ್ದೀನಿ.

ಹ್ಯಾಂಡಲ್ ಲಾಕ್ ಸೆಟ್ ಹೊಸದು ಹಾಕಿಸಿದೆ. ಎರಡೂ ಕೀಲಿಕೈ ಜೋಪಾನವಾಗಿ ಬೀರುವಿನಲ್ಲಿವೆ, ಇನ್ಶೂರೆನ್ಸ್ ಕ್ಲೇಮ್ ಮಾಡೋ ಹೊತ್ತು ಬಂದರೆ ಎರಡನ್ನೂ ಕೇಳ್ತಾರೆ. ಕಚ್ಚು ಬಿದ್ದ ಕೊಂಡಿ ಹಾಗೇ ಇದೆ, ಸರಪಳಿ ಬದಲಿಸಿಲ್ಲ. ಟ್ಯೂಬ್ ಮಾತ್ರ ಪಕ್ಕದ ಪಂಕ್ಚರ್ ಅಂಗಡಿಯಿಂದ ಹೊಸದಾಗಿ ಹಳೇದು ತಂದು ತೊಡಿಸಿದೆ. ಹೋದ ವಾರ ಸೆಕ್ರೆಟರಿ ಕಾಕಾ ತಮ್ಮ ಮಗನ ಗಾಡಿಯ ಪಕ್ಕ ಟೇಪು ಹಿಡಿದು ಏನೋ ಅಳೀತಾ ಇದ್ದರು. ಒಂದೂವರೆ ಫೂಟು ಸಾಕಾ ಅಂತ ನನ್ನನ್ನು ಕೇಳಿದರು. ಸಾಕು ಅಂದೆ, ಆದರೆ ಮೊದಲು ಮೂರು ಮೀಟಿಂಗ್ ಆಗಲಿ.