ಅಡುಗೆ ಪುಟದಿಂದ ಆಸ್ತಿ ಪಾಲಿನವರೆಗೆ

ಮಹಿಳಾ ಪತ್ರಿಕೆ ಅಂದ ಕೂಡಲೇ ಕೆಲವರಿಗೆ ನಗು. ಅಡುಗೆ, ರಂಗೋಲಿ, ಸೀರೆ, ಒಂದು ಧಾರಾವಾಹಿ, ಅಷ್ಟೇ ಅಲ್ವಾ ಅಂತಾರೆ. ತುಮಕೂರಿನ ಗೋಷ್ಠಿಗಳಲ್ಲೂ ಈ ನಗು ಕೇಳಿದ್ದೇನೆ. ನಾನು ಆ ಅಡುಗೆ ಪುಟವನ್ನೇ ನಂಬಿ ಪತ್ರಿಕೆ ನಡೆಸಿದವಳು. ಬೇರೆ ಎಲ್ಲ ವಿಷಯಗಳೂ ನಮ್ಮಲ್ಲಿಗೆ ಆ ಪುಟದ ಹಿಂದೆಯೇ ಬಂದವು.

ಕೆಲಸ ಕಲಿತಿದ್ದು ಪ್ರೆಸ್ಸಿನಲ್ಲಿ. ಬಿ.ಎ. ಮುಗಿಸಿ ತುಮಕೂರಿನ ಚಿಕ್ಕಪೇಟೆಯ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದಲು ಸೇರಿದೆ. ಆಗಿನ್ನೂ ಅಚ್ಚುಮೊಳೆ ಜೋಡಿಸುವ ಕಾಲ. ಲಗ್ನಪತ್ರಿಕೆ, ಬಿಲ್ ಪುಸ್ತಕ, ನಡುವೆ ಯಾರದೋ ಕವನ ಸಂಕಲನ. ಒಂದು ಪದ ಹೆಚ್ಚಿಗೆ ಸೇರಿಸಿದರೆ ಕಂಪೋಸಿಟರ್ ಪ್ಯಾರಾ ಪೂರ್ತಿ ಕಿತ್ತು ಮತ್ತೆ ಜೋಡಿಸಬೇಕು. ಅವರ ಮುಖ ನೋಡಿಯೇ ಯಾವ ತಿದ್ದುಪಡಿ ನಿಜವಾಗಿ ಬೇಕು, ಯಾವುದು ನನ್ನ ಚಪಲ ಅಂತ ತಿಳಿಯುತ್ತಿತ್ತು. ಆಮೇಲೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಡಿಟಿಪಿ ಬಂತು, ನುಡಿ, ಬರಹ ಅನ್ನುವ ಕನ್ನಡ ತಂತ್ರಾಂಶಗಳೆಲ್ಲ ಬಂದವು. ತಿದ್ದುವುದು ಸುಲಭವಾಯ್ತು, ಬೇಕಿಲ್ಲದ್ದನ್ನು ತಿದ್ದುವ ಚಟವೂ ಜಾಸ್ತಿಯಾಯ್ತು.

ಮುಂದೆ ಬೆಂಗಳೂರಿನ ಒಂದು ಮಾಸಿಕದಲ್ಲಿ ಉಪಸಂಪಾದಕಿ. ದಿನಾ ರೈಲು ಪಾಸ್ ಪ್ರಯಾಣ. ಕ್ಯಾತಸಂದ್ರ ದಾಟುವಷ್ಟರಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕರೆ ಯಶವಂತಪುರದವರೆಗೆ ಒಂದು ಕಥೆಯ ಕರಡು ಮುಗಿಯುತ್ತಿತ್ತು. ಎದುರು ಸೀಟಿನ ಹೆಂಗಸರು ಅವರೆಕಾಯಿ ಸುಲಿಯುತ್ತಾ, ‘ಅದೇನಮ್ಮ, ಕೆಂಪು ಗೀಟು ಎಳೀತಾನೇ ಇರ್ತೀಯಲ್ಲ’ ಅಂತ ಕೇಳುತ್ತಿದ್ದರು. ಕಥೆ ಓದಿ ಹೇಳಿದರೆ ಎಲ್ಲಿ ಬೇಜಾರಾಯ್ತು ಅಂತ ನೇರವಾಗಿ ಹೇಳಿಬಿಡುತ್ತಿದ್ದರು. ಅಷ್ಟು ಒಳ್ಳೆಯ ವಿಮರ್ಶಕರು ನನಗೆ ಆಮೇಲೆ ಸಿಗಲಿಲ್ಲ.

ಊರಿನಿಂದಲೇ ಒಂದು ಮಾಸಿಕ ತರಬೇಕು ಅನ್ನಿಸಿದ್ದು ಅವರಿಂದಲೇ. ಶೀರ್ಷಿಕೆಗೆ ದೆಹಲಿಯ ಪತ್ರಿಕಾ ನೋಂದಣಿ ಕಚೇರಿಯಾದ ಆರ್‌ಎನ್‌ಐ ಒಪ್ಪಿಗೆ, ಜಿಲ್ಲಾ ದಂಡಾಧಿಕಾರಿಗಳ ಮುಂದೆ ಘೋಷಣೆ, ಸಂಚಿಕೆಯಲ್ಲಿ ಮುದ್ರಕ, ಪ್ರಕಾಶಕ, ಸಂಪಾದಕರ ಹೆಸರು. ಆಗ ಇಷ್ಟು ಆದರೆ ಕಾನೂನಿನ ಪಾಲು ಮುಗಿಯುತ್ತಿತ್ತು. ಪುಟ ನಲವತ್ತೆಂಟು, ಅಂದರೆ ಹದಿನಾರು ಪುಟದ ಮೂರು ಫಾರಂ. ಅಂಚೆ ಇಲಾಖೆಯಲ್ಲಿ ನೋಂದಾಯಿಸಿದರೆ 50 ಗ್ರಾಂ ಒಳಗಿನ ಪ್ರತಿ 25 ಪೈಸೆಗೆ ಹೋಗುತ್ತಿತ್ತು. ಅದಿಲ್ಲದಿದ್ದರೆ ಪಾವಗಡ, ಮಧುಗಿರಿಯ ಹಳ್ಳಿಗಳಿಗೆ ಪತ್ರಿಕೆ ಮುಟ್ಟಿಸುವ ಮಾತೇ ಇರಲಿಲ್ಲ. ಆದರೆ ಗೊತ್ತುಮಾಡಿದ ತಾರೀಖಿಗೇ ಅಂಚೆಗೆ ಹಾಕಬೇಕು. ಮನೆಯಲ್ಲಿ ಹಬ್ಬ ಇರಲಿ, ಸಾವು ಇರಲಿ.

ಈಗ ಅಡುಗೆ ಪುಟಕ್ಕೆ ಬರುತ್ತೇನೆ. ಓದುಗರ ಪಾಕವಿಧಾನಗಳು ಪಾವು, ಚಟಾಕಿನಲ್ಲಿ ಬರುತ್ತಿದ್ದವು. ನಾಲ್ಕು ಚಟಾಕು ಒಂದು ಪಾವು, ನಾಲ್ಕು ಪಾವು ಒಂದು ಸೇರು. ಹಳಬರಿಗೆ ಇದು ಬಾಯಿಪಾಠ. ಹೊಸ ಸೊಸೆಯಂದಿರ ಕೈಯಲ್ಲಿ ಇರುವುದು ಲೋಟ, ಚಮಚ. ಹಾಗಾಗಿ ಎರಡೂ ಅಳತೆ ಹಾಕುವುದು ನಮ್ಮ ನಿಯಮ. ‘ಉಪ್ಪು ರುಚಿಗೆ ತಕ್ಕಷ್ಟು’ ಅನ್ನುವುದನ್ನು ಸಾರಿಗೆ ಬಿಟ್ಟೆ, ಉಪ್ಪಿನಕಾಯಿಗೆ ಬಿಡಲಿಲ್ಲ. ಅಲ್ಲಿ ಉಪ್ಪು ಕಡಿಮೆಯಾದರೆ ಬೂಷ್ಟು ಹಿಡಿಯುತ್ತದೆ, ಬೈಗುಳ ಸಂಪಾದಕಿಗೆ. ಹುಣಸೆಹಣ್ಣು ಹೊಸದೋ ಹಳೆಯದೋ ಅಂತಲೂ ಕೇಳುತ್ತಿದ್ದೆ, ಹುಳಿ ಬೇರೆ ಬೇರೆ. ಅನುಮಾನ ಬಂದಿದ್ದನ್ನೆಲ್ಲ ನನ್ನ ಮನೆಯಲ್ಲೇ ಮಾಡಿ ನೋಡಿದ್ದೇವೆ. ನಮ್ಮ ಯಜಮಾನರು ಬೇಡಬೇಡ ಅಂದರೂ ತಿಂದಿದ್ದಾರೆ.

ಈ ಕಾಗದಗಳಲ್ಲಿ ಅರ್ಧ ಮಾತ್ರ ಅಡುಗೆ ಇರುತ್ತಿತ್ತು. ಹಾಳೆ ತಿರುಗಿಸಿದರೆ ಹಿಂದೆ ಬೇರೆಯೇ ವಿಷಯ. ಗಂಡನ ಕುಡಿತ, ಮಗಳ ಓದು, ಹೊರಗೆ ಹೇಳಲಾಗದ ಕಾಯಿಲೆ. ಹಿತಕಿದಬೇಳೆ ಸಾರು ಬರೆದ ಒಬ್ಬರು ಕೆಳಗೆ ಸಣ್ಣ ಅಕ್ಷರದಲ್ಲಿ ಕೇಳಿದ್ದರು: ‘ಅಕ್ಕಾ, ತವರಲ್ಲಿ ತೆಂಗಿನ ತೋಟ ಭಾಗ ಆಗ್ತಾ ಇದೆ. ಅರಿಶಿನ ಕುಂಕುಮಕ್ಕೆ ಅಂತ ಏನೋ ಕೊಡ್ತಾರಂತೆ. ರುಜು ಹಾಕು ಅಂತಾರೆ. ಹಾಕಲಾ?’ ಕಾನೂನಿನ ಪುಟ ಶುರುವಾಗಿದ್ದು ಆ ಕಾಗದದಿಂದ.

ಗುರುತಿನ ವಕೀಲೆಯೊಬ್ಬರನ್ನು ಹಿಡಿದೆ. ಅವರು ಹೇಳಿದ್ದನ್ನು ನಾನು ಮನೆಮಾತಿಗೆ ತರುತ್ತಿದ್ದೆ, ತಪ್ಪಿಲ್ಲ ಅಂತ ಅವರೇ ನೋಡಬೇಕು, ಆಮೇಲೇ ಅಚ್ಚು. ವರ್ಷಗಳ ಕಾಲ ಅದೇ ಪ್ರಶ್ನೆ ಬಂತು, ಉತ್ತರ ಮಾತ್ರ ಬದಲಾಗುತ್ತಾ ಹೋಯಿತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಅಂತ ಕರ್ನಾಟಕ 1994ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದಿತು. ಆದರೆ ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತು. ಒಂದೇ ಮನೆಯಲ್ಲಿ ಅಕ್ಕನಿಗಿಲ್ಲ, ತಂಗಿಗುಂಟು! 2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ಕೇಂದ್ರದ ತಿದ್ದುಪಡಿಯಲ್ಲಿ ಈ ಮದುವೆಯ ಷರತ್ತು ಇಲ್ಲ. ಅಷ್ಟರಲ್ಲಿ ಅಪ್ಪ ತೀರಿಕೊಂಡಿದ್ದರೆ ಏನು ಗತಿ ಅನ್ನುವ ಗೊಂದಲ ಉಳಿದಿತ್ತು. ಮಗಳ ಹಕ್ಕು ಹುಟ್ಟಿನಿಂದ ಬರುವಂಥದ್ದು, ಆ ದಿನ ತಂದೆ ಬದುಕಿರಬೇಕಿಲ್ಲ ಅಂತ 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ನೋಂದಣಿಯಾಗಿಯೋ ಕೋರ್ಟಿನ ಡಿಕ್ರಿಯಿಂದಲೋ ಮುಗಿದ ವಿಭಾಗವನ್ನು ಮಾತ್ರ ಮತ್ತೆ ಕೆದಕುವ ಹಾಗಿಲ್ಲ. ಇದನ್ನೆಲ್ಲ ಒಂದೂವರೆ ಪುಟದಲ್ಲಿ, ಏಳನೇ ಕ್ಲಾಸು ಓದಿದವರಿಗೂ ತಿಳಿಯುವ ಹಾಗೆ ಬರೆಯಬೇಕು. ಕಥೆ ಬರೆಯುವುದಕ್ಕಿಂತ ಇದೇ ಕಷ್ಟ.

ಎಲ್ಲರೂ ಪಾಲು ಕೇಳಿ ಅಂತ ನಾವು ಬರೆಯಲಿಲ್ಲ. ಅಣ್ಣತಮ್ಮಂದಿರ ಮನೆಗೆ ಹೋಗಿಬರುವ ದಾರಿ ಉಳಿಯಲಿ ಅಂತ ಬಿಟ್ಟುಕೊಟ್ಟವರಿದ್ದಾರೆ. ಅದು ಅವರಿಷ್ಟ. ಪಾಲು ಬಿಟ್ಟುಕೊಡುವ ಬಿಡುಗಡೆ ಪತ್ರ ಓದಿಸಿ ಕೇಳಿ, ಪಹಣಿ ನೋಡಿ, ಆಮೇಲೆ ರುಜು ಹಾಕಿ ಅಥವಾ ಬಿಡಿ ಅಂತ ಮಾತ್ರ ಪ್ರತಿ ಸಲ ಬರೆದೆವು. ‘ನಿಮ್ಮಿಂದ ಮನೆ ಒಡೀತು’ ಅಂತ ಕಚೇರಿಗೆ ಬಂದು ಕೂಗಾಡಿದವರೂ ಉಂಟು. ಕಾಫಿ ಕೊಟ್ಟು ಕಳಿಸಿದ್ದೇವೆ.

ಅಚ್ಚು ಹಾಕುವಾಗ ಹೆಸರು ತೆಗೆದರೆ ಸಾಲದು. ಹಳ್ಳಿಯಲ್ಲಿ ಎರಡು ಎಕರೆ, ಮೂರು ಜನ ಅಣ್ಣಂದಿರು ಅಂದರೆ ಸಾಕು, ಯಾರು ಅಂತ ಊರಿಗೇ ಗೊತ್ತಾಗುತ್ತದೆ. ತೆಂಗನ್ನು ಅಡಿಕೆ ಮಾಡಿದೆ, ಗುಬ್ಬಿಯವರನ್ನು ಕುಣಿಗಲ್‌ಗೆ ಕಳಿಸಿದೆ, ಅಣ್ಣಂದಿರ ಲೆಕ್ಕ ಬದಲಿಸಿದೆ. ಖಾಸಗಿ ಉತ್ತರವನ್ನು ಪತ್ರಿಕೆಯ ಹೆಸರಿಲ್ಲದ ಲಕೋಟೆಯಲ್ಲಿ ಹಾಕುತ್ತಿದ್ದೆವು. ಎಷ್ಟೋ ಜನ ಅಂಗನವಾಡಿಯ ವಿಳಾಸ ಕೊಡುತ್ತಿದ್ದರು.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ಚಂದಾ ಹಣ ಕಾಗದಕ್ಕೆ ಸರಿಹೋಗುತ್ತಿತ್ತು. ಉಳಿದಿದ್ದು ದೀಪಾವಳಿ ವಿಶೇಷಾಂಕದ ಜಾಹೀರಾತು. ಸೀರೆ ಅಂಗಡಿ, ಚಿನ್ನದ ಅಂಗಡಿ, ತಿಪಟೂರಿನ ಕೊಬ್ಬರಿ ಮಂಡಿಯವರ ಶುಭಾಶಯ. ಬಾಕಿ ವಸೂಲಿ ಯುಗಾದಿಯವರೆಗೂ ನಡೆಯುತ್ತಿತ್ತು. ಬರೆದವರಿಗೆ ಗೌರವಧನವನ್ನು ಅವರದೇ ಹೆಸರಿಗೆ ಮನಿಯಾರ್ಡರ್ ಮಾಡುವುದನ್ನು ಮಾತ್ರ ನಿಲ್ಲಿಸಲಿಲ್ಲ. ಆರ್. ಕಲ್ಯಾಣಮ್ಮನವರು 1921ರಲ್ಲಿ ‘ಸರಸ್ವತಿ’ ಪತ್ರಿಕೆ ಶುರುಮಾಡಿ ನಾಲ್ಕು ದಶಕ ನಡೆಸಿದರು ಅನ್ನುವುದನ್ನು ನೆನೆದರೆ ನನಗೆ ಇವತ್ತಿಗೂ ಅಚ್ಚರಿ. ಆ ಕಾಲದಲ್ಲಿ ವಸೂಲಿಗೆ ಯಾರನ್ನು ಕಳಿಸುತ್ತಿದ್ದರೋ!

ನಾನು ಲೇಖಕಿಯಾಗಿದ್ದು ಇದರ ನಡುವೆಯೇ. ಮೊದಲ ಪುಸ್ತಕ ಆ ಪ್ರಶ್ನೋತ್ತರಗಳದ್ದು, ಆಮೇಲೆ ಕಥೆಗಳು. ಓದುಗರ ಬದುಕನ್ನು ಕಥೆಗೆ ಎತ್ತಿಕೊಳ್ಳಬಾರದು ಅಂತ ನನಗೆ ನಾನೇ ಗೆರೆ ಹಾಕಿಕೊಂಡಿದ್ದೆ. ನಂಬಿ ಬರೆದ ಕಾಗದ ಅದು. ಅವರಿಂದ ತಗೊಂಡಿದ್ದು ಮಾತಿನ ಓಟವನ್ನು ಮಾತ್ರ: ಮುಖ್ಯವಾದದ್ದನ್ನು ಕೊನೆಗೆ, ಸಣ್ಣ ಅಕ್ಷರದಲ್ಲಿ ಹೇಳುವ ರೀತಿ. ಸಾವಿರ ಪ್ರತಿ ಹಾಕಿಸಿದರೆ ಗ್ರಂಥಾಲಯ ಇಲಾಖೆ ತಗೊಂಡಿದ್ದು ಬಿಟ್ಟು ಉಳಿದಿದ್ದು ಅಟ್ಟದ ಮೇಲೆ. ಮಹಿಳಾ ಸಂಘದ ಸಭೆಗಳಿಗೆ ಚೀಲದಲ್ಲಿ ಹೊತ್ತುಕೊಂಡು ಹೋಗಿ ಮಾರಿದೆ. ಕಥೆಗಿಂತ ಪ್ರಶ್ನೋತ್ತರ ಜಾಸ್ತಿ ಹೋಯಿತು.

ಮಧುಗಿರಿಯ ಹುಡುಗಿಯೊಬ್ಬಳು ಈಚೆಗೆ ಬಂದು, ಪತ್ರಿಕೆ ಶುರುಮಾಡ್ತೀನಿ ಮೇಡಂ ಅಂದಳು. 2023ರ ಹೊಸ ಕಾಯ್ದೆ 2024ರ ಮಾರ್ಚ್‌ನಿಂದ ಜಾರಿಯಲ್ಲಿದೆ, ನೋಂದಣಿಯೆಲ್ಲ ಆನ್‌ಲೈನ್, ಅದಕ್ಕೆ ಹೆದರಬೇಡ ಅಂದೆ. ತಿಂಗಳಿಗಲ್ಲ, ಮೂರು ತಿಂಗಳಿಗೊಂದು ಸಂಚಿಕೆ ಮಾಡು. ಒಂದು ವರ್ಷದ ಕಾಗದದ ದುಡ್ಡು ಕೈಯಲ್ಲಿರಲಿ. ಕಾಗದ ಬರೆಯುವವರು ಈಗ ಕಡಿಮೆ. ವಾಟ್ಸ್‌ಆ್ಯಪ್‌ನಲ್ಲಿ ಮಾತಾಡಿ ಕಳಿಸುತ್ತಾರೆ, ಅದನ್ನು ಪೂರ್ತಿ ಕೇಳಿ ಬರೆದುಕೊಳ್ಳಲು ಒಬ್ಬರನ್ನು ಇಟ್ಟುಕೋ. ಸಂಬಳ ಕೊಟ್ಟು ಇಟ್ಟುಕೋ.