ಕಡಲ್ಗಳ್ಳನ ಲೇಖನ ಪರಿಶೀಲಿಸೋದು ಹೆಂಗ?

ವಿಜಯಪುರದಾಗ ಹೈಸ್ಕೂಲ್ ಮಕ್ಕಳಿಗೆ ಇತಿಹಾಸ ಕಲಿಸ್ತೀನಿ; ಸಂಜೀಕ ವಿಶ್ವಕೋಶದ ಲೇಖನ ತಿದ್ದತೀನಿ. ಬ್ಲ್ಯಾಕ್‌ಬಿಯರ್ಡ್ (ಕರಿಗಡ್ಡ) ಅನ್ನೋ ಇಂಗ್ಲಿಷ್ ಕಡಲ್ಗಳ್ಳನ ಮ್ಯಾಲಿನ ಲೇಖನ ನಿಮ್ಮ ಕೈಗೆ ಬಂದ್ರ, ಮೊದಲ ಭಾಷಾ ತಿದ್ದಲಿಕ್ಕೆ ಹೋಗಬ್ಯಾಡ್ರಿ. ಪ್ರತಿ ವಾಕ್ಯಕ್ಕೂ ಕೇಳ್ರಿ: ಇದನ್ನ ಯಾರು, ಯಾವಾಗ ಹೇಳಿದ್ರು?

ಟೊಪ್ಪಿಗಿ ಕೆಳಗ ಉರಿಯೋ ಬತ್ತಿ ಸಿಗಿಸ್ಕೊಂಡು ಕಾಳಗಕ್ಕ ಬರ್ತಿದ್ದ ಅಂತಾರಲ್ಲ, ಆ ಕಥಿ ಹಬ್ಬಿದ್ದು 1724ರಾಗ ಲಂಡನ್ನಿನಾಗ ಅಚ್ಚಾದ ಕಡಲ್ಗಳ್ಳರ ಚರಿತ್ರೆಯಿಂದ. ಆತ ಸತ್ತಿದ್ದು ಅದಕ್ಕೂ ಆರು ವರ್ಷ ಮೊದಲ, 1718ರ ನವೆಂಬರ್ 22ಕ್ಕ, ಅಮೆರಿಕದ ಉತ್ತರ ಕೆರೊಲಿನಾದ ಓಕ್ರಕೋಕ್ ದ್ವೀಪದ ಹತ್ರ. ಹಂಗಂತ ಅಳಿಸಬ್ಯಾಡ್ರಿ; ‘1724ರ ಪುಸ್ತಕದ ಪ್ರಕಾರ’ ಅಂತ ಮುಂದ ಸೇರಿಸ್ರಿ, ಸಾಕು. ತಲಿ ಕಡದ ಮ್ಯಾಲೂ ದೇಹ ಹಡಗಿನ ಸುತ್ತ ಈಜಿತು ಅನ್ನೋದನ್ನ ಮಾತ್ರ ದಂತಕಥೆಯ ಭಾಗಕ್ಕ ಒಯ್ಯಿರಿ. ನಮ್ಮ ಗೋಳಗುಮ್ಮಟದ ರಂಭಾಳ (ಸುಲ್ತಾನನ ನರ್ತಕಿ ಅಂತ ಹೇಳೋಕಿ) ಕಥಿಗೂ ನಾನು ಇದೇ ನ್ಯಾಯ ಹಚ್ಚತೀನಿ.

ಬ್ಲ್ಯಾಕ್‌ಬಿಯರ್ಡ್ ಅನ್ನೋದು ಅಡ್ಡಹೆಸರು; ಆತನ ಮನೆತನದ ಹೆಸರು ಟೀಚ್, ಥ್ಯಾಚ್ ಎರಡೂ ರೂಪದಾಗ ದಾಖಲೆಯೊಳಗ ಅದಾವ, ಎರಡನ್ನೂ ಇಡ್ರಿ.

ಹಡಗಿನ ಭಾಗವನ್ನ ಮಾತ್ರ ನಿಧಾನಕ್ಕ ಓದ್ರಿ. ಆತನ ಹಡಗು ‘ಕ್ವೀನ್ ಆ್ಯನ್ಸ್ ರಿವೆಂಜ್’ ಮೊದಲ ಗುಲಾಮರನ್ನ ಸಾಗಿಸೋ ‘ಲಾ ಕಾಂಕಾರ್ಡ್’ ಅನ್ನೋ ಫ್ರೆಂಚ್ ಹಡಗಾಗಿತ್ತು. 1717ರಾಗ ಆತ ಅದನ್ನ ಹಿಡಿದಾಗ ಅದರಾಗ ಆಫ್ರಿಕಾದ ಜನರನ್ನ ತುಂಬಿದ್ರು. ಆತನ ಗಡ್ಡಕ್ಕ ನಾಲ್ಕು ಪ್ಯಾರಾ ಕೊಟ್ಟು, ಆ ಜನರ ಮಾತೇ ಎತ್ತದ ಲೇಖನಕ್ಕ ನಾನಂತೂ ಒಪ್ಪಿಗಿ ಕೊಡೂದಿಲ್ಲ. ನೀವೂ ಕೊಡಬ್ಯಾಡ್ರಿ.